ಖಾಲಿ ಗಾಡಿಯ ತೂಕ

ಸಕ್ಕರೆ ಫ್ಯಾಕ್ಟರಿ ಗೇಟಿನ ಪಕ್ಕ
ಗಾಜಿನ ಗೂಡೊಳಗೆ ಕೂತು
ಹನ್ನೊಂದು ವರ್ಷದಿಂದ ತೂಕ ಬರೆಯುತ್ತೇನೆ.
ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ,
ಕಳೆದು ಉಳಿದದ್ದು ಕಬ್ಬು.
ಹತ್ತು ಕೇಜಿಗಿಂತ ಕೆಳಗಿನದು
ನನ್ನ ಕಾಟಾದ ಕಣ್ಣಿಗೆ ಬೀಳುವುದಿಲ್ಲ.
ಡ್ರೈವರು ಇಳಿಯದೆ ಕೂತಿದ್ದರೆ ತಿಳಿಯುತ್ತದೆ,
ಅವನ ಚಪ್ಪಲಿ, ಬುತ್ತಿ ತಿಳಿಯುವುದಿಲ್ಲ.

ಮಗಳು ಸಾವಿರದ ಎಂಬತ್ತು ಗ್ರಾಂ.
ಇಪ್ಪತ್ತೊಂಬತ್ತನೆಯ ವಾರ, ರಾತ್ರಿ ಎರಡೂಕಾಲು,
ಮಂಡ್ಯದ ದೊಡ್ಡಾಸ್ಪತ್ರೆ.
ಬೋಗುಣಿಯಂಥ ಬಿಳಿ ತಕ್ಕಡಿಯಲ್ಲಿ ಅವಳು ಅಳಲಿಲ್ಲ.
ಕಾಲು ಒದ್ದಾಗ ಅಂಕಿ ಮಾತ್ರ ಅಲ್ಲಾಡಿತು,
ಎಂಬತ್ತೆರಡು, ಎಪ್ಪತ್ತೊಂಬತ್ತು, ಎಂಬತ್ತು.

ಎಷ್ಟಂತೆ? ಅತ್ತೆ ಕೇಳಿದರು.
ಗೋಪುರ ಬಿಟ್ಟು ಅಳೆದ ಒಂದು ಸೇರು ರಾಗಿ, ಅಂದೆ.
ಸೇರಾದ್ರೂ ಅದಲ್ಲ, ಬುಡಪ್ಪ, ಅಂದು
ಗೋಡೆಯ ಕಡೆ ತಿರುಗಿಕೊಂಡರು.

ಡಾಕ್ಟರಮ್ಮನ ಕೈಲಿ ಒಂದು ಹಾಳೆ.
ತಾಯಿ ವಯಸ್ಸು? ಬಿ.ಪಿ. ಯಾವಾಗಿಂದ? ಕಾಲು ಊದಿತ್ತಾ?
ಹಿಂದೆ ಹೋದದ್ದು ಎಷ್ಟನೇ ತಿಂಗಳು?
ಒಂದಕ್ಕೂ ತಡವರಿಸಲಿಲ್ಲ, ಗುಮಾಸ್ತನಲ್ಲವೆ.
ಕಬ್ಬಿಣದ ಮಾತ್ರೆ ನುಂಗ್ತಿದ್ದರಾ?
ಅಲ್ಲಿ ನಿಂತೆ.
ಹೊಟ್ಟೆ ತೊಳಸುತ್ತೆ ಅಂತ ರೂಪಕಲಾ ಅವನ್ನು
ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದಳು.
ನೋಡಿಯೂ ಸುಮ್ಮನಿದ್ದವನು ನಾನು.
ಸೋಗೆಗಿಷ್ಟು, ಕೆಸರಿಗಿಷ್ಟು ಎಂದು ಕಡಿತ ಹಾಕುತ್ತೇವಲ್ಲ,
ಇದಕ್ಕೆಷ್ಟು ಹಾಕಬೇಕು?
"ಇದೊಂದೇ ಕಾರಣ ಅಂತ ಇರಲ್ಲ"
ತಲೆ ಎತ್ತದೆ ಅಂದರು, ಮುಂದಿನ ಸಾಲಿಗೆ ಹೋದರು.

ಮೂರನೆಯ ದಿನ ಸಾವಿರದ ಹತ್ತು.
ಐದನೆಯ ದಿನ ಒಂಬೈನೂರ ಎಂಬತ್ತು.
ಮೊದಲು ಎಲ್ಲರೂ ಇಳೀತಾರೆ, ಎಂದರು ಸಿಸ್ಟರ್ ರಾಜಮಣಿ.
ನನ್ನ ಕಸುಬಿನಲ್ಲಿ ಇಳಿದದ್ದೆಲ್ಲ ಕಳವು.
ಎರಡು ಗಂಟೆಗೊಮ್ಮೆ ನಳಿಕೆಯಲ್ಲಿ ಎರಡು ಎಂ.ಎಲ್. ಹಾಲು;
ಅಷ್ಟನ್ನು ಹಿಂಡಲು ರೂಪಕಲಾ
ಅದಕ್ಕಿಂತ ಹೆಚ್ಚು ಅತ್ತಳು.
ಮಗು ಉಸಿರು ಮರೆಯುತ್ತಿತ್ತು.
ಅಂಗಾಲಿಗೆ ಬೆರಳಲ್ಲಿ ಟಪ್ ಎಂದು ಕೊಟ್ಟು
ಏಯ್, ಉಸಿರಾಡೇ, ಅನ್ನುವರು ಸಿಸ್ಟರ್.
ಹಳೆಯ ಸಾಲ ನೆನಪಾದವಳಂತೆ
ಒಮ್ಮೆ ಎಳೆದುಕೊಳ್ಳುವಳು.

ಪಕ್ಕದ ಪೆಟ್ಟಿಗೆಯಲ್ಲಿ ಕೆರಗೋಡಿನ ಗಂಡು,
ಸಾವಿರದ ಮುನ್ನೂರ ನಲವತ್ತು.
ಅವನನ್ನು ಕಂಡು ಕರುಬುತ್ತಿದ್ದೆ, ಸುಳ್ಳೇಕೆ,
ಇನ್ನೂರ ಅರವತ್ತು ಗ್ರಾಂ ಮುಂದಿದ್ದ.
ಒಂಬತ್ತನೆಯ ರಾತ್ರಿ ಅವನ ರಕ್ತಕ್ಕೆ ನಂಜೇರಿತು.
ಬೆಳಿಗ್ಗೆ ಅವನಪ್ಪ ಬೋರಲಿಂಗ
ಟವೆಲ್ಲಿನ ಗಂಟನ್ನು ಎರಡೂ ಕೈಲಿ ಹಿಡಿದು ನಡೆದ,
ಮೂಟೆ ಹೊತ್ತವನ ಹಾಗೆ ಬೆನ್ನು ಬಾಗಿ.
ಮೆಟ್ಟಿಲ ಬಳಿ ನಿಂತು ಒಂದು ಕೈಚೀಲ ಕೊಟ್ಟ,
ಹೊಸ ಟೋಪಿ, ಕಾಲುಚೀಲ.
"ನಿಮ್ಮುಡ್ಗೀಗೆ ಈಗ ದೊಡ್ಡದಾಯ್ತದೆ. ಮಡಿಕಳಿ."
ತುಂಬಿದ್ದರಲ್ಲಿ ಖಾಲಿಯನ್ನು ಕಳೆಯಬೇಕು.
ಹನ್ನೊಂದು ವರ್ಷದ ಲೆಕ್ಕ, ಅಂದು ಬರಲಿಲ್ಲ.

ಹದಿಮೂರನೆಯ ದಿನ ಸಿಸ್ಟರ್ ಅಂದರು: ಶರ್ಟು ಬಿಚ್ಚಿ.
ಅವರಿಗಿನ್ನೂ ಜ್ವರ, ಎದೆ ನಿಮ್ಮದೇ ಆಗಬೇಕು.
ಮೂರು ಸಲ ಕೈ ತೊಳೆಸಿದರು, ಉಂಗುರ ತೆಗೆಸಿದರು.
ಕಪ್ಪೆಯ ಹಾಗೆ ಕಾಲು ಮಡಿಸಿ
ಎದೆಗೆ ಒರಗಿಸಿ ಬಟ್ಟೆ ಸುತ್ತಿದರು.
ತೂಕವೇ ಇರಲಿಲ್ಲ. ಬಿಸಿ ಮಾತ್ರ,
ಕೋಳಿಯಡಿಯಿಂದ ಆಗಷ್ಟೇ ತೆಗೆದ ಮೊಟ್ಟೆಯ ಬಿಸಿ.
ಎಳ್ಳಿಗಿಂತ ಸಣ್ಣ ಉಗುರುಗಳ ಕೈಯೊಂದು
ಎದೆಗೂದಲು ಹಿಡಿಯಿತು.
ಎರಡು ಗಂಟೆ, ಬಂದ ಕೆಮ್ಮನ್ನೂ ನುಂಗಿದೆ.
ಮರೆತಳೋ ಎಂದು ಉಸಿರು ಬಿಗಿಹಿಡಿದು ಕೇಳಿದೆ,
ಅವಳು ಬಿಟ್ಟ ಮೇಲೆ ನಾನು ಬಿಟ್ಟೆ.

ಇವತ್ತು ರಾತ್ರಿ ಪಾಳಿ.
ಸಂಜೆ ಅವಳು ಸಾವಿರದ ಅರವತ್ತು,
ಹುಟ್ಟಿದ್ದಕ್ಕೆ ಇನ್ನೂ ಇಪ್ಪತ್ತು ಬಾಕಿ.
ಮೂರು ಗಂಟೆಗೆ ಗಾಡಿಗಳ ಸಾಲು ಕಡಿದಾಗ
ನಾನೇ ಹೋಗಿ ಕಾಟಾ ಮೇಲೆ ನಿಂತೆ.
ಒಳಗಿಂದ ಹುಡುಗ ಓದಿದ: ಎಪ್ಪತ್ತು, ಅಣ್ಣ.
ಅವಳನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದರೂ ಎಪ್ಪತ್ತೇ.
ಸರಿಯಾಗಿ ನೋಡೋ, ಅಂದೆ.